ಡ್ಯೂಕರ ಕಾದಂಬರಿಯೂ ಯಾಪಲಪರ್ವಿಯ ಡೇರೆಯೂ

(ಸಿಂಧನೂರಿನ ಓದುಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



1815ರ ಜೂನ್ 15ರ ರಾತ್ರಿ ಬ್ರಸೆಲ್ಸ್ ಪಟ್ಟಣದಲ್ಲಿ ಒಂದು ನೃತ್ಯಕೂಟ ನಡೆಯಿತು. ಕರೆದವಳು ರಿಚ್ಮಂಡ್‌ನ ಡಚೆಸ್. ಎಂದರೆ ಇಂಗ್ಲೆಂಡಿನ ಬಹು ದೊಡ್ಡ ಜಹಗೀರುದಾರನೊಬ್ಬನ ಹೆಂಡತಿ. ಜಾಗ ಮಾತ್ರ ಅರಮನೆಯಲ್ಲ. ಸಾರೋಟು ತಯಾರಿಸುವವನೊಬ್ಬನ ಕಾರ್ಖಾನೆಯಾಗಿದ್ದ ಉದ್ದನೆಯ ಕೊಠಡಿಯ ಗೋಡೆಗೆ ಗುಲಾಬಿ ಬಳ್ಳಿಯ ಚಿತ್ರದ ಕಾಗದ ಅಂಟಿಸಿ ಸಿಂಗರಿಸಿದ್ದರು. ನೆಪೋಲಿಯನ್ ಗಡಿ ದಾಟಿ ಬಂದಿದ್ದಾನೆಂಬ ಸುದ್ದಿ ಕುಣಿತದ ನಡುವೆಯೇ ಬಂತು. ಮುಖ್ಯ ಅತಿಥಿಯಾಗಿದ್ದ ಸೇನಾಪತಿ ಮುಖದ ಗೆರೆ ಬದಲಿಸದೆ ಊಟ ಮುಗಿಸಿ, ನಕಾಶೆ ತರಿಸಿ ನೋಡಿ, ಹೊರಟುಹೋದ. ಅವನ ಹಿಂದೆ ಹೊರಟ ತರುಣ ಅಧಿಕಾರಿಗಳಲ್ಲಿ ಹಲವರಿಗೆ ಬಟ್ಟೆ ಬದಲಿಸಲೂ ಸಮಯ ಸಿಗಲಿಲ್ಲ. ರೇಷ್ಮೆ ಕಾಲುಚೀಲದಲ್ಲಿಯೇ ಮರುದಿನ ಯುದ್ಧಕ್ಕಿಳಿದರು. 3 ದಿನಗಳ ನಂತರ ವಾಟರ್ಲೂ.

ಇಂಗ್ಲಿಷ್ ಐತಿಹಾಸಿಕ ಪ್ರೇಮ ಕಾದಂಬರಿಗಳನ್ನು ಓದುವ ಚಟವಿರುವವರಿಗೆ ಈ ರಾತ್ರಿ ತಮ್ಮ ಮನೆಯ ಮದುವೆಯಷ್ಟೇ ಪರಿಚಿತ. ಬೈರನ್ ಕವಿ ಇದನ್ನು ಪದ್ಯ ಮಾಡಿದ. ಥ್ಯಾಕರೆ 1847-48ರಲ್ಲಿ 'ವ್ಯಾನಿಟಿ ಫೇರ್' ಕಾದಂಬರಿಗೆ ತಂದ. ಜಾರ್ಜೆಟ್ ಹೇಯರ್ 1937ರಲ್ಲಿ 'ಆ್ಯನ್ ಇನ್‌ಫೇಮಸ್ ಆರ್ಮಿ'ಯಲ್ಲಿ ಇದನ್ನು ಇಡಿಯಾಗಿ ಕಟ್ಟಿಕೊಟ್ಟಳು. ಅವಳ ನಂತರ ಬಂದವರ ಲೆಕ್ಕ ಇಡುವುದು ಕಷ್ಟ. ಈ ಎಲ್ಲ ಪುಸ್ತಕಗಳಲ್ಲಿಯೂ ಸಭೆಯ ನಡುವೆ ನಿಂತಿರುವ ಗಿಡುಗ ಮೂಗಿನ, ಮಿತಭಾಷಿ ಸೇನಾಪತಿ ಒಬ್ಬನೇ: ವೆಲಿಂಗ್ಟನ್ ಡ್ಯೂಕ್.

ಈ ಡ್ಯೂಕ್ ಅದಕ್ಕೆ 15 ವರ್ಷ ಮೊದಲು, 1800ರ ಸೆಪ್ಟೆಂಬರ್ 11ರಂದು, ಒಂದು ಡೇರೆಯಲ್ಲಿ ಕೂತು ಗೆಳೆಯನಿಗೆ ಕಾಗದ ಬರೆದ. ಆಗ ಅವನು ಡ್ಯೂಕನಲ್ಲ, ಕರ್ನಲ್ ಆರ್ಥರ್ ವೆಲ್ಲೆಸ್ಲಿ. ವಯಸ್ಸು 31. ಕಾಗದ ಸೇರಬೇಕಾದವನು ಆಗ ಕೆನರಾದ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ. ಕಾಗದದ ತಲೆಯಲ್ಲಿ ದಂಡು ಬೀಡುಬಿಟ್ಟ ಊರಿನ ಹೆಸರನ್ನು 'ಯೆಪಲ್ಪರಿ' ಎಂದು ಬರೆದಿದ್ದಾನೆ. ದಂಡು ಸೆಪ್ಟೆಂಬರ್ 7ರಂದು ಕನಕಗಿರಿ ತಲುಪಿ, 9ರಂದು ಈ ಊರಿಗೆ ಬಂದಿತ್ತು. ಲಂಡನ್ನಿನಲ್ಲಿ ಕೂತು ಓದುವವರಿಗೆ ಯೆಪಲ್ಪರಿ ಎಂದರೆ ನಾಲಿಗೆ ಹೊರಳದ ಇನ್ನೊಂದು ಹೆಸರು, ಅಷ್ಟೆ. ಆದರೆ ಕನಕಗಿರಿಯಿಂದ ಎರಡು ದಿನದ ನಡಿಗೆ ಎಂದೊಡನೆ ಇಲ್ಲಿ ಕೂತವರ ಕಿವಿಗೆ ಅದು ಸಿಂಧನೂರು ತಾಲ್ಲೂಕಿನ ಯಾಪಲಪರ್ವಿ ಎಂದೇ ಕೇಳಿಸುತ್ತದೆ.

ಬ್ರಸೆಲ್ಸ್‌ನ ಆ ಕೊಠಡಿಗೂ ಈ ಎರೆಹೊಲಕ್ಕೂ ಇರುವ ಸಂಬಂಧವೇ ಇವತ್ತಿನ ಮಾತು.

ಮೊದಲು ಈ ಕಾದಂಬರಿಗಳ ಜಾತಿ ಯಾವುದೆಂದು ನೋಡೋಣ. ಇಂಗ್ಲಿಷಿನಲ್ಲಿ ಇವನ್ನು 'ರೀಜೆನ್ಸಿ' ಕಾದಂಬರಿಗಳೆನ್ನುತ್ತಾರೆ. ಮೂರನೆಯ ಜಾರ್ಜ್ ದೊರೆಗೆ ಬುದ್ಧಿಭ್ರಮಣೆಯಾಗಿ, 1811ರಿಂದ 1820ರವರೆಗೆ ಅವನ ಮಗ ರೀಜೆಂಟ್ ಆಗಿ, ಎಂದರೆ ತಂದೆಯ ಪರವಾಗಿ ರಾಜ್ಯಭಾರ ನಡೆಸಿದ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಮೈಸೂರಿನಲ್ಲಿ ಪೂರ್ಣಯ್ಯ ದಿವಾನಗಿರಿ ಬಿಟ್ಟದ್ದು 1811ರಲ್ಲಿ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ನಾಡು ಆಗ ಹೈದರಾಬಾದಿನ ನಿಜಾಮ ಸಿಕಂದರ್ ಜಾ ಕೈಯಲ್ಲಿತ್ತು. ಜೇನ್ ಆಸ್ಟೆನ್ ತನ್ನ ಕಾದಂಬರಿಗಳನ್ನು ಪ್ರಕಟಿಸಿದ್ದು ಇದೇ ವರ್ಷಗಳಲ್ಲಿ. ಆದರೆ ಅವಳು ಬರೆದದ್ದು ಐತಿಹಾಸಿಕ ಕಾದಂಬರಿಯಲ್ಲ, ತನ್ನ ಕಣ್ಣೆದುರಿನ ಸಂಸಾರ. ಆ ಕಾಲ ಕಳೆದು ನೂರು ವರ್ಷದ ಮೇಲೆ, ಅದೇ ಸಾರೋಟು, ಅದೇ ಬೀಸಣಿಗೆ, ಅದೇ ಕುಹಕದ ಮಾತುಗಳನ್ನು ಮತ್ತೆ ಹುಟ್ಟಿಸಿದವಳು ಹೇಯರ್. ಅವಳ 'ರೀಜೆನ್ಸಿ ಬಕ್' 1935ರದು. ಬಳಿಕ ಬಾರ್ಬರಾ ಕಾರ್ಟ್‌ಲ್ಯಾಂಡ್ ಬಂದಳು. ಅವಳು 700ಕ್ಕೂ ಹೆಚ್ಚು ಕಾದಂಬರಿ ಬರೆದಳು, ಅಥವಾ ಒಂದೇ ಕಾದಂಬರಿಯನ್ನು 700 ಸಲ ಬರೆದಳು ಎಂದರೂ ತಪ್ಪಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ, ಹೈದರಾಬಾದಿನ ಆಬಿಡ್ಸ್‌ನ ಭಾನುವಾರದ ಫುಟ್‌ಪಾತ್ ಅಂಗಡಿಗಳಲ್ಲಿ, ಊರೂರಿನ ಬಾಡಿಗೆ ಲೈಬ್ರರಿಗಳಲ್ಲಿ ರಟ್ಟು ಕಿತ್ತುಹೋಗುವಷ್ಟು ಕೈ ಬದಲಾಯಿಸಿದ್ದು ಇವರ ಪುಸ್ತಕಗಳೇ.

ಇವುಗಳ ಕಥೆ ಏನು? ಒಬ್ಬ ಡ್ಯೂಕ್ ಅಥವಾ ಅರ್ಲ್ ಇರುತ್ತಾನೆ. ಸಿಡುಕ, ಶ್ರೀಮಂತ, ಒಳಗೆ ಒಳ್ಳೆಯವ. ಒಬ್ಬಳು ಹುಡುಗಿ ಇರುತ್ತಾಳೆ. ಬಾಯಿ ಜೋರು, ಕೈ ಬರಿದು. ಜಗಳದಿಂದ ಶುರುವಾಗಿ ಮದುವೆಯಲ್ಲಿ ಮುಗಿಯುತ್ತದೆ. ಇಷ್ಟನ್ನೇ ನೋಡಿ ಮೂಗು ಮುರಿಯುವವರು ಒಂದು ಸಂಗತಿಯನ್ನು ಗಮನಿಸಿರುವುದಿಲ್ಲ. ಈ ಕಾದಂಬರಿಗಳಲ್ಲಿ ಪ್ರೇಮದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಬರುವ ಮಾತು ಆಸ್ತಿಯದು. ಇಂಥವನಿಗೆ ವರ್ಷಕ್ಕೆ ಇಷ್ಟು ಪೌಂಡಿನ ಉತ್ಪನ್ನ ಎಂಬುದು ಅವನ ಹೆಸರಿನ ಬೆನ್ನಿಗೇ ಬರುತ್ತದೆ. ಆಸ್ಟೆನ್ನಳ ಡಾರ್ಸಿಗೆ 10 ಸಾವಿರ. ಆ ಅಂಕಿ ಅವನು ಸಭೆಗೆ ಕಾಲಿಟ್ಟ 5 ನಿಮಿಷದಲ್ಲಿ ಎಲ್ಲರ ಬಾಯಲ್ಲೂ ಇರುತ್ತದೆ. ಕನ್ಯಾ ನೋಡಲು ಬಂದ ವರನಿಗೆ ನೀರಾವರಿ ಎಷ್ಟು ಎಕರೆ, ಒಣಬೇಸಾಯ ಎಷ್ಟು, ಅಣ್ಣತಮ್ಮಂದಿರು ಎಷ್ಟು ಮಂದಿ ಎಂದು ಅಡುಗೆ ಮನೆಯಲ್ಲಿ ಪಿಸುಗುಟ್ಟುವುದನ್ನು ಕೇಳಿ ಬೆಳೆದವರಿಗೆ ಇದರಲ್ಲಿ ಹೊಸದೇನೂ ಕಾಣದು. ಈ ವಿಷಯದಲ್ಲಿ ಇಂದಿನ ಇಂಗ್ಲಿಷ್ ಓದುಗನಿಗಿಂತ ಕನ್ನಡದ ಓದುಗಳಿಗೆ ಆಸ್ಟೆನ್ ಬೇಗ ಅರ್ಥವಾಗುತ್ತಾಳೆ.

ಆದರೆ ಅಲ್ಲಿನ ಒಂದು ಕಟ್ಟಳೆ ನಮ್ಮದಕ್ಕಿಂತ ಬೇರೆ. ನಮ್ಮಲ್ಲಿ ಹೊಲ ಅಣ್ಣತಮ್ಮಂದಿರಲ್ಲಿ ಪಾಲಾಗುತ್ತದೆ. ಅಲ್ಲಿನ ಸರದಾರ ಮನೆತನಗಳಲ್ಲಿ ಪಾಲು ಎಂಬುದೇ ಇರಲಿಲ್ಲ. ಜಮೀನು, ಮನೆ, ಬಿರುದು ಎಲ್ಲವೂ ಹಿರಿಯ ಮಗನಿಗೆ. ಅವನು ಅದನ್ನು ಮಾರಲೂ ಬಾರದಂತೆ ಪತ್ರ ಮಾಡಿ ಕಟ್ಟಿಹಾಕಿರುತ್ತಿದ್ದರು. ಗಂಡು ಸಂತಾನವಿಲ್ಲದಿದ್ದರೆ ದೂರದ ದಾಯಾದಿಗೆ ಹೋಗುತ್ತಿತ್ತು. 'ಪ್ರೈಡ್ ಆ್ಯಂಡ್ ಪ್ರೆಜುಡೀಸ್' (1813) ಕಾದಂಬರಿಯ ಐವರು ಹೆಣ್ಣುಮಕ್ಕಳ ತಾಯಿಗೆ ಎದೆಬೇನೆ ಹತ್ತಿದ್ದು ಇದರಿಂದಲೇ. ಹಾಗಾದರೆ ಕಿರಿಯ ಗಂಡುಮಕ್ಕಳ ಗತಿ? ಪಾದ್ರಿಯಾಗಬೇಕು, ವಕೀಲನಾಗಬೇಕು, ಇಲ್ಲವೇ ದಂಡು ಸೇರಬೇಕು. ತಮಗೆ ಬೇಕಾದವಳನ್ನು ಮದುವೆಯಾಗುವ ಸ್ವಾತಂತ್ರ್ಯ ಕಿರಿಯ ಮಕ್ಕಳಿಗಿಲ್ಲ ಎಂದು ಅದೇ ಕಾದಂಬರಿಯಲ್ಲಿ ಅರ್ಲನೊಬ್ಬನ ಕಿರಿಯ ಮಗ ನಾಯಕಿಯ ಮುಂದೆ ತೋಡಿಕೊಳ್ಳುತ್ತಾನೆ.

ಈ ಬಿಕ್ಕಟ್ಟಿನಿಂದ ಪಾರಾಗಲು ಕಾದಂಬರಿಕಾರರಿಗೆ ಒಂದು ಹಿತ್ತಲ ಬಾಗಿಲು ಬೇಕಿತ್ತು. ಅದು ಹಿಂದೂಸ್ಥಾನ. ಬಡ ಪ್ರೇಮಿ ಹಡಗು ಹತ್ತುತ್ತಾನೆ. 10 ವರ್ಷದ ಮೇಲೆ ಮುಖ ಬಿಸಿಲಿಗೆ ಕಂದಿ, ಕಿಸೆ ತುಂಬಿ ಮರಳುತ್ತಾನೆ. ನಡುವಿನ 10 ವರ್ಷಗಳಿಗೆ ಕಾದಂಬರಿಯಲ್ಲಿ ಒಂದು ಸಾಲು, ಹೆಚ್ಚೆಂದರೆ ಒಂದು ಪ್ಯಾರಾ. ಆಸ್ಟೆನ್ನಳ 'ಸೆನ್ಸ್ ಆ್ಯಂಡ್ ಸೆನ್ಸಿಬಿಲಿಟಿ'ಯ (1811) ಕರ್ನಲ್ ಬ್ರ್ಯಾಂಡನ್ ಈ ದೇಶದಲ್ಲಿ ಸೈನ್ಯದಲ್ಲಿದ್ದವನು. ಇಲ್ಲಿ ಅವನು ಮಾಡಿದ್ದೇನು ಎಂದು ಯಾರೂ ಕೇಳುವುದಿಲ್ಲ. 'ಮ್ಯಾನ್ಸ್‌ಫೀಲ್ಡ್ ಪಾರ್ಕ್'ನ (1814) ಸೋಮಾರಿ ಯಜಮಾನಿಗೆ ನೌಕಾಪಡೆಯ ಹುಡುಗ ಪೂರ್ವ ದೇಶಕ್ಕೆ ಹೋಗಲೆಂಬ ಆಸೆ. ಕಾರಣ ಇಷ್ಟೇ, ತನಗೊಂದು ಶಾಲು ಸಿಕ್ಕೀತು. ಒಂದಲ್ಲ, ಎರಡು ಶಾಲು. ಆಸ್ಟೆನ್ ಇದನ್ನು ನಗಿಸಲೆಂದೇ ಬರೆದಳು. ಆದರೆ ಅವಳಿಗೆ ವಿಷಯ ಗೊತ್ತಿತ್ತು. ಅವಳ ಸೋದರತ್ತೆ ಫಿಲಡೆಲ್ಫಿಯಾ ಗಂಡನನ್ನು ಹುಡುಕಿಕೊಂಡು 1752ರಲ್ಲಿ ಮದರಾಸಿಗೆ ಬಂದಿಳಿದು, ಮರುವರ್ಷ ಕಂಪನಿಯ ವೈದ್ಯನೊಬ್ಬನನ್ನು ಮದುವೆಯಾದವಳು. ನೃತ್ಯಕೂಟಗಳ ಹೆಣ್ಣುಮಕ್ಕಳು ತೊಟ್ಟ ತೆಳುಬಿಳಿ ಮಸ್ಲಿನ್ ಬಟ್ಟೆಗೂ ಹೆಸರು ತಂದದ್ದು ಢಾಕಾದ ಮಗ್ಗಗಳೇ.

ಈ ಹಿತ್ತಲ ಬಾಗಿಲನ್ನು ತೆರೆದು ಒಳಗಿನದನ್ನು ತೋರಿಸಿದ ಒಬ್ಬ ಕಾದಂಬರಿಕಾರನ ಹೆಸರು ಹೇಳದಿದ್ದರೆ ಅನ್ಯಾಯವಾದೀತು. ವಿಲ್ಕಿ ಕಾಲಿನ್ಸ್ 1868ರಲ್ಲಿ 'ದಿ ಮೂನ್‌ಸ್ಟೋನ್' ಬರೆದ. ಅದರ ಮೊದಲ ಪುಟಗಳು ನಡೆಯುವುದು 1799ರ ಮೇ ತಿಂಗಳಲ್ಲಿ, ಶ್ರೀರಂಗಪಟ್ಟಣದ ಕೋಟೆ ಬಿದ್ದ ದಿನ. ಟಿಪ್ಪುವಿನ ಆಯುಧಶಾಲೆಯಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿ ಕೊಲೆ ಮಾಡಿ ವಜ್ರ ಕದಿಯುತ್ತಾನೆ. ಅದು ಅರ್ಧ ಶತಮಾನದ ನಂತರ ಇಂಗ್ಲೆಂಡಿನ ಹಳ್ಳಿಯ ಬಂಗಲೆಯಲ್ಲಿ, ಒಬ್ಬ ಹುಡುಗಿಯ ಹುಟ್ಟುಹಬ್ಬದಂದು ಅವಳ ಎದೆಯ ಮೇಲೆ ಹೊಳೆಯುತ್ತದೆ. ಅಲ್ಲಿಂದ ಆ ಮನೆಯ ನಿದ್ದೆ ಹೋಗುತ್ತದೆ. ವಜ್ರ ಕಲ್ಪನೆಯದು, ಲೂಟಿ ಕಲ್ಪನೆಯದಲ್ಲ. ಶ್ರೀರಂಗಪಟ್ಟಣದ ಸಂಪತ್ತನ್ನು ಸೈನ್ಯ ತನ್ನೊಳಗೆ ಹುದ್ದೆಯ ಪ್ರಕಾರ ಹಂಚಿಕೊಂಡಿತು. ಅದಕ್ಕೆ 'ಪ್ರೈಜ್ ಮನಿ' ಎಂಬ ಗೌರವದ ಹೆಸರಿತ್ತು. ದಳಪತಿ ಜನರಲ್ ಹ್ಯಾರಿಸ್‌ಗೆ ಬಂದ ಪಾಲು 1 ಲಕ್ಷ 40 ಸಾವಿರ ಪೌಂಡಿಗೂ ಮೇಲೆ. ಸಾಮಾನ್ಯ ಗೋರಾ ಸಿಪಾಯಿಗೆ 7 ಪೌಂಡು. ನಮ್ಮವನಾದ ಸಿಪಾಯಿಗೆ 5.

ಕರ್ನಲ್ ವೆಲ್ಲೆಸ್ಲಿಗೆ ಆಗ ಸಿಕ್ಕಿದ್ದು 4 ಸಾವಿರದಷ್ಟು. ಈಗ ಅವನ ಕಥೆಗೆ ಬರಬಹುದು. ಯಾವ ಕಾದಂಬರಿಕಾರ್ತಿಯೂ ಕಟ್ಟದಷ್ಟು ಅಚ್ಚುಕಟ್ಟಾದ ಪ್ರೇಮಕಥೆ ಅದು, ಕೊನೆಯೊಂದನ್ನು ಬಿಟ್ಟು.

ಆರ್ಥರ್ ಐರ್ಲೆಂಡಿನ ಒಬ್ಬ ಅರ್ಲನ ಕಿರಿಯ ಮಗ. ಪಿಟೀಲು ಬಾರಿಸುವ, ಸಾಲ ಮಾಡುವ, ಕೆಲಸಕ್ಕೆ ಬಾರದ ಹುಡುಗ ಎಂದು ತಾಯಿಯೇ ಹಳಿಯುತ್ತಿದ್ದಳು. ಡಬ್ಲಿನ್ನಿನಲ್ಲಿ ಕಿಟ್ಟಿ ಪ್ಯಾಕೆನ್‌ಹ್ಯಾಮ್ ಎಂಬ ಹುಡುಗಿಯನ್ನು ಮೆಚ್ಚಿ ಕೇಳಿದ. ಮನೆಯವರು, ವರನಿಗೆ ಆಸ್ತಿಯಿಲ್ಲವೆಂದು ಸಂಬಂಧ ನಿರಾಕರಿಸಿದರು. 1793ರಲ್ಲಿ ಅವನು ತನ್ನ ಪಿಟೀಲುಗಳನ್ನು ಬೆಂಕಿಗೆ ಹಾಕಿದ. 1796ರಲ್ಲಿ ಹಡಗು ಹತ್ತಿದ. ಅವನ ಅದೃಷ್ಟಕ್ಕೆ ಹಿರಿಯಣ್ಣನೇ ಇಲ್ಲಿಗೆ ಗವರ್ನರ್ ಜನರಲ್ ಆಗಿ ಬಂದ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅದರ ಆಡಳಿತ ತಮ್ಮನ ಕೈಗೆ ಬಂತು.

ಕೋಟೆ ಬಿದ್ದ ಗಡಿಬಿಡಿಯಲ್ಲಿ ಅಲ್ಲಿನ ಸೆರೆಮನೆಯಿಂದ ಒಬ್ಬ ಹೊರಬಿದ್ದ. ಚನ್ನಗಿರಿಯ ಧೋಂಡಿಯಾ ವಾಘ್. ಹೈದರನ ದಂಡಿನಲ್ಲಿದ್ದವನು, ಟಿಪ್ಪುವಿನ ಕೋಪಕ್ಕೆ ಸಿಕ್ಕಿ ಸೆರೆಯಲ್ಲಿ ಕೊಳೆತವನು. ಟಿಪ್ಪುವಿನ ಸೈನ್ಯ ಚದುರಿ ಕೆಲಸ ಕಳೆದುಕೊಂಡ ಸವಾರರು ಅವನ ಸುತ್ತ ಸೇರಿದರು. ಒಂದೇ ವರ್ಷದಲ್ಲಿ ಬಿದನೂರು ಸೀಮೆಯಿಂದ ಮಲಪ್ರಭೆಯ ದಡದವರೆಗೆ ಅವನ ಹೆಸರು ಹಬ್ಬಿತು. ಅವನು ತನ್ನನ್ನು 'ಉಭಯಲೋಕಾಧೀಶ್ವರ' ಎಂದು ಕರೆದುಕೊಂಡ. ಕಂಪನಿಯವರಿಗೆ ಇದು ನಗೆಯ ವಿಷಯವಾಯಿತು. ಆದರೆ ಆ ನಗೆಯೊಳಗೆ ಅಳುಕೂ ಇತ್ತು, ಇಲ್ಲದಿದ್ದರೆ ಸೈನ್ಯದ ಅಷ್ಟು ಭಾಗವನ್ನು ಅವನ ಬೆನ್ನಿಗೆ ಹಚ್ಚುತ್ತಿರಲಿಲ್ಲ. ಅವನು ದರೋಡೆಕೋರನೋ ಬಂಡಾಯಗಾರನೋ ಎಂಬ ಚರ್ಚೆ ಇವತ್ತಿಗೂ ಇದೆ. ಊರು ಸುಲಿದದ್ದೂ ನಿಜ, ಪರಕೀಯರಿಗೆ ತಲೆಬಾಗದೆ ಇದ್ದದ್ದೂ ನಿಜ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕೆಂಬ ಒತ್ತಾಯ ಇತಿಹಾಸದ್ದಲ್ಲ.

1800ರ ಮಳೆಗಾಲದುದ್ದಕ್ಕೂ ವೆಲ್ಲೆಸ್ಲಿ ಅವನನ್ನು ಅಟ್ಟಿಸಿಕೊಂಡು ತಿರುಗಿದ. ಧೋಂಡಿಯಾ ಮಲಪ್ರಭೆ ದಾಟಿ ನಿಜಾಮನ ಸೀಮೆಗೆ, ಎಂದರೆ ಈ ದೋಅಬ್ ನಾಡಿಗೆ ನುಗ್ಗಿದ. ಸೆಪ್ಟೆಂಬರ್ 9ರ ರಾತ್ರಿ ಇಬ್ಬರ ನಡುವೆ ಉಳಿದದ್ದು 9 ಮೈಲು. ಹವೆ ಕೆಟ್ಟಿದೆ, ಕುದುರೆಗಳು ಸೋತಿವೆ, ಆದ್ದರಿಂದ ರಾತ್ರಿಯೇ ಹೊರಡಲಾಗಲಿಲ್ಲ ಎಂದು ಅವನ ಕಾಗದ ಹೇಳುತ್ತದೆ. ಸೆಪ್ಟೆಂಬರ್ ಮಳೆಯಲ್ಲಿ ಎರೆಮಣ್ಣು ಏನಾಗುತ್ತದೆಂದು ಬಲ್ಲವರಿಗೆ ಈ ಮಾತನ್ನು ವಿವರಿಸಬೇಕಿಲ್ಲ. ಮರುದಿನ ಬೆಳಿಗ್ಗೆ, ಯಾಪಲಪರ್ವಿಯಿಂದ 6 ಮೈಲು ದೂರದಲ್ಲಿ, ಕಾಗದಪತ್ರಗಳಲ್ಲಿ ಕೋಣಗಲ್ ಎಂದು ಕರೆದ ಜಾಗದ ಹತ್ತಿರ, ಎರಡೂ ದಂಡು ಎದುರಾದವು. ಧೋಂಡಿಯಾನ ಕಡೆ ಸುಮಾರು 5 ಸಾವಿರ ಸವಾರರು. ಕಂಪನಿಯ ಕಡೆ ನಾಲ್ಕು ಕುದುರೆ ರೆಜಿಮೆಂಟುಗಳು, ಎರಡು ಗೋರಾ, ಎರಡು ದೇಶೀ. ವೆಲ್ಲೆಸ್ಲಿ ನಾಲ್ಕನ್ನೂ ಒಂದೇ ಸಾಲಿನಲ್ಲಿ ಹರಡಿ, ತಾನೇ ಮುಂದಾಗಿ ಏರಿಹೋದ. ಹೊತ್ತು ಹೆಚ್ಚು ಹಿಡಿಯಲಿಲ್ಲ. ಧೋಂಡಿಯಾ ಸತ್ತ. ಅವನ ಹೆಣವನ್ನು ಗುರುತು ಹಿಡಿದು, ಫಿರಂಗಿಯ ಬಂಡಿಗೆ ಕಟ್ಟಿ ಪಾಳೆಯಕ್ಕೆ ತಂದರು. ಮನ್ರೋಗೆ ಬರೆದ ಕಾಗದದಲ್ಲಿ ಆ ಎರಡು ಲೋಕಗಳ ದೊರೆಯ ಬಗ್ಗೆ ಒಂದು ಚಟಾಕಿಯೂ ಇದೆ.

ಇದಾದ ಮೇಲೆ 1803ರ ಅಸ್ಸೆಯಿ ಯುದ್ಧ. 1805ರಲ್ಲಿ ಅವನು ಹಡಗು ಹತ್ತಿದಾಗ ಜೊತೆಗೆ ಒಯ್ದ ಗಳಿಕೆ ಸುಮಾರು 42 ಸಾವಿರ ಪೌಂಡ್. ಅದರ ಬಹುಪಾಲು ಇಲ್ಲಿನ ದಂಡಯಾತ್ರೆಗಳ ಪ್ರೈಜ್ ಮನಿ. ಇಂಗ್ಲೆಂಡ್ ತಲುಪಿದವನು ಕಿಟ್ಟಿಗೆ ಕಾಗದ ಬರೆದು ಮತ್ತೆ ಕೇಳಿದ. ಹನ್ನೆರಡು ವರ್ಷಗಳಷ್ಟು ಕಾಲ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಈ ಸಲ ಮನೆಯವರ ತಕರಾರಿರಲಿಲ್ಲ. 1806ರ ಏಪ್ರಿಲ್ 10ರಂದು ಮದುವೆ. ಕಾದಂಬರಿಯಾಗಿದ್ದರೆ ಇಲ್ಲಿಗೆ ಪುಸ್ತಕ ಮುಚ್ಚುತ್ತಿತ್ತು. ಆದರೆ ಮದುವೆಯ ದಿನ, ಹುಡುಗಿಯ ರೂಪ ಕೆಟ್ಟುಹೋಗಿದೆಯೆಂದು ವರ ತನ್ನ ತಮ್ಮನ ಕಿವಿಯಲ್ಲಿ ಹೇಳಿದನೆಂಬ ಮಾತು ಉಳಿದುಬಂದಿದೆ. ಮದುವೆ ಮಾಡಿಸಿದ ಪಾದ್ರಿ ಆ ತಮ್ಮನೇ. ಸಂಸಾರ ಸುಖದ್ದಾಗಲಿಲ್ಲ. ಕಿಟ್ಟಿ 1831ರಲ್ಲಿ ತೀರಿಕೊಂಡಳು. ವೆಲಿಂಗ್ಟನ್ ಬರುವ ಅಷ್ಟು ಕಾದಂಬರಿಗಳಲ್ಲಿ ಈ ಹೆಂಗಸಿಗೆ ಸಿಕ್ಕ ಜಾಗ ಬಹಳ ಸಣ್ಣದು.

ಹೀಗೆ, ಕಾದಂಬರಿಯ ಆ ಒಂದು ಸಾಲು, ನಾಯಕ ಹಿಂದೂಸ್ಥಾನಕ್ಕೆ ಹೋಗಿ ಸಂಪತ್ತಿನೊಡನೆ ಮರಳಿದ ಎಂಬ ಸಾಲು, ಎಲ್ಲಿ ನಡೆಯಿತೆಂದು ಬೆರಳಿಟ್ಟು ತೋರಿಸಬಹುದಾದ ಜಾಗಗಳಲ್ಲಿ ಇದೂ ಒಂದು. ನೆಪೋಲಿಯನ್ ಅವನನ್ನು 'ಸಿಪಾಯಿಗಳ ಜನರಲ್' ಎಂದು ಹೀಯಾಳಿಸುತ್ತಿದ್ದ. ಹೀಯಾಳಿಕೆಯಾದರೂ ಅದರಲ್ಲಿ ಕಾದಂಬರಿಕಾರರು ಬಿಟ್ಟ ಮಾತು ಇತ್ತು. ಇತ್ತೀಚಿನವರಲ್ಲಿ ಬರ್ನಾರ್ಡ್ ಕಾರ್ನ್‌ವೆಲ್ 1997ರ 'ಶಾರ್ಪ್ಸ್ ಟೈಗರ್'ನಲ್ಲಿ ಕಥೆಯನ್ನು ಶ್ರೀರಂಗಪಟ್ಟಣಕ್ಕೇ ತಂದು, ನಾಯಕನನ್ನು ಸಾಮಾನ್ಯ ಸಿಪಾಯಿಯಾಗಿ ಮಾಡಿದ. ಆದರೂ ಅದು ಗೋರಾ ಸಿಪಾಯಿಯ ಕಣ್ಣು. 5 ಪೌಂಡಿನವನದಲ್ಲ.

ಇದೇ ನಾಡಿನಲ್ಲಿ ಕಥೆ ಇನ್ನೊಂದು ದಿಕ್ಕಿನಿಂದಲೂ ನಡೆದಿದೆ. ಇಲ್ಲಿನದನ್ನೇ ಕಾದಂಬರಿ ಮಾಡಿ ಇಂಗ್ಲಿಷ್ ಶ್ರೀಮಂತರ ಓದುಕೋಣೆಗೆ ಕಳಿಸಿದವನು ಫಿಲಿಪ್ ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಸುರಪುರದಲ್ಲಿದ್ದು, ಬಾಲಕ ದೊರೆ ವೆಂಕಟಪ್ಪ ನಾಯಕನ ಪರವಾಗಿ ಆಡಳಿತ ನೋಡಿಕೊಂಡವನು. ಅವನೂ ಒಂದು ಬಗೆಯ ರೀಜೆಂಟನೇ. ಹುಡುಗ ಅವನನ್ನು 'ಅಪ್ಪಾ' ಎನ್ನುತ್ತಿದ್ದ. ಟೇಲರ್ ಸತ್ತ ಮೇಲೆ, 1878ರಲ್ಲಿ ಪುಸ್ತಕವಾಗಿ ಬಂದ 'ಎ ನೋಬಲ್ ಕ್ವೀನ್' ಚಾಂದಬೀಬಿಯ ಕಾಲದ ಪ್ರಣಯ ಕಾದಂಬರಿ. ಅದು ಅಹಮದನಗರದಲ್ಲಿ ಶುರುವಾಗುವುದಿಲ್ಲ, ಲಿಂಗಸುಗೂರು ತಾಲ್ಲೂಕಿನ ಜಲದುರ್ಗದ ಸೀಮೆಯಲ್ಲಿ ಶುರುವಾಗುತ್ತದೆ. ಕೃಷ್ಣೆಯ ಪ್ರವಾಹ, ನಡುಗಡ್ಡೆಯ ಕೋಟೆ, ಕುರುಡ ಅಜ್ಜನ ಮೊಮ್ಮಗಳು, ಗಾಯಗೊಂಡ ತರುಣ ಸರದಾರ, ಅವನ ಬೇಡ ನಾಯಕ ಗೆಳೆಯ, ಮುದಗಲ್ಲಿನ ಪೋರ್ಚುಗೀಸ್ ಪಾದ್ರಿ, ಎಲ್ಲರೂ ಬರುತ್ತಾರೆ. ವಾಲ್ಟರ್ ಸ್ಕಾಟ್ ಸ್ಕಾಟ್ಲೆಂಡಿನ ಗುಡ್ಡಗಳಿಗೆ ಮಾಡಿದ್ದನ್ನು ಟೇಲರ್ ಕೃಷ್ಣೆಯ ಬಂಡೆಗಳಿಗೆ ಮಾಡಿದ. ಬೇಡ ನಾಯಕನ ಶೌರ್ಯ, ಮಾತಿಗೆ ತಪ್ಪದ ನಡತೆ ಅವನ ಬರವಣಿಗೆಯಲ್ಲಿ ಪ್ರೀತಿಯಿಂದಲೇ ಬಂದಿದೆ.

ಆದರೆ ಅವನಿಗೆ ಅಪ್ಪಾ ಎಂದ ವೆಂಕಟಪ್ಪ ನಾಯಕನಿಗೆ ಆದದ್ದೇನು? 1858ರ ಫೆಬ್ರುವರಿಯಲ್ಲಿ ಲಿಂಗಸುಗೂರಿನ ದಂಡಿನಿಂದ ಕ್ಯಾಪ್ಟನ್ ವಿಂಡಮ್‌ನ ಸೈನ್ಯ ಸುರಪುರದ ಮೇಲೆ ಹೋಯಿತು. ದೊರೆ ಸೆರೆ ಸಿಕ್ಕ. ಟೇಲರ್ ಸೆರೆಮನೆಗೆ ಹೋಗಿ ಅವನನ್ನು ಕಂಡ, ಬಂಡಾಯಕ್ಕೆ ಪ್ರೇರೇಪಿಸಿದವರ ಹೆಸರು ಹೇಳೆಂದ. ಹುಡುಗ ಹೇಳಲಿಲ್ಲ. ಶಿಕ್ಷೆ ಇಳಿಸಿ ಬೇರೆಡೆಗೆ ಒಯ್ಯುವ ದಾರಿಯಲ್ಲಿ ಅವನು ಗುಂಡು ತಗುಲಿ ಸತ್ತ. ತಾನೇ ಹಾರಿಸಿಕೊಂಡನೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅದಾಗಿ ಎರಡು ದಶಕ ಕಳೆಯುವ ಹೊತ್ತಿಗೆ ಪ್ರಣಯ ಕಾದಂಬರಿಯಲ್ಲಿ ಬೇಡ ನಾಯಕ ವೀರನಾಗಿ, ನಿಷ್ಠಾವಂತನಾಗಿ ಮತ್ತೆ ಬದುಕಿದ. ಕಥೆ ನಡೆಯುವುದು ಹದಿನಾರನೆಯ ಶತಮಾನದಲ್ಲಿ, ಆದ್ದರಿಂದ ಅವನು ಯಾರ ಮೇಲೂ ಬಂಡೇಳಬೇಕಾಗಿರಲಿಲ್ಲ. ಇದನ್ನು ಕಪಟವೆನ್ನಬೇಕೋ ಪಶ್ಚಾತ್ತಾಪವೆನ್ನಬೇಕೋ ಓದಿದವರು ತೀರ್ಮಾನಿಸಲಿ. ಓದುವುದಂತೂ ಒಳ್ಳೆಯದು. ಜಲದುರ್ಗದ ನೀರಿನ ಸದ್ದನ್ನು ಅಷ್ಟು ಗಮನವಿಟ್ಟು ಕೇಳಿದ ಇಂಗ್ಲಿಷ್ ಬರಹಗಾರರು ಹೆಚ್ಚಿಲ್ಲ.

ಕನ್ನಡ ಓದುಗರಿಗೆ ಐತಿಹಾಸಿಕ ಪ್ರಣಯದ ರುಚಿ ಹತ್ತಿದ್ದು ಇಂಗ್ಲಿಷಿನಿಂದ ನೇರವಾಗಿ ಅಲ್ಲ. ಬಂಕಿಮಚಂದ್ರರ 'ದುರ್ಗೇಶನಂದಿನಿ'ಯನ್ನು ಬಿ. ವೆಂಕಟಾಚಾರ್ಯರು 1885ರಲ್ಲಿ ಕನ್ನಡಕ್ಕೆ ತಂದರು. ಗಳಗನಾಥರು ಮರಾಠಿಯ ಹರಿ ನಾರಾಯಣ ಆಪ್ಟೆಯವರ ದಾರಿ ಹಿಡಿದು ಬರೆದು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಆ ಬಂಗಾಳಿ, ಮರಾಠಿ ಲೇಖಕರ ಹಿಂದೆ ಸ್ಕಾಟ್‌ನ ನೆರಳಿತ್ತು. ಸಿಂಧನೂರಂಥ ಊರಿನಲ್ಲಿ ಈ ನೆರಳು ಇನ್ನೂ ಹಲವು ಕಡೆಯಿಂದ ಬಿದ್ದಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಹಿಂದೆ ಬಂದ ಆಂಧ್ರದ ಕ್ಯಾಂಪುಗಳ ಮನೆಗಳಿಗೆ ತೆಲುಗು ವಾರಪತ್ರಿಕೆಗಳೂ ಬಂದವು. ಯದ್ದನಪೂಡಿ ಸುಲೋಚನಾರಾಣಿಯ ಉದ್ದ ಕಾರಿನ, ಬಿಗುಮಾನದ ನಾಯಕನನ್ನು ನೋಡಿದರೆ, ಹೇಯರ್‌ಳ ಅರ್ಲ್ ಸಾರೋಟು ಇಳಿದು ಕಾರು ಹತ್ತಿದಂತೆ ಕಾಣುತ್ತದೆ. ಪೂರ್ವ ಪಾಕಿಸ್ತಾನದಿಂದ ಬಂದು ಇಲ್ಲಿ ನೆಲೆ ಪಡೆದ ಬಂಗಾಳಿ ಕುಟುಂಬಗಳ ಮಾತೃಭಾಷೆಯಲ್ಲಿಯೇ ಬಂಕಿಮರಿದ್ದಾರೆ.

ಹೆಣ್ಣುಮಕ್ಕಳು ಕಾದಂಬರಿ ಓದಿ ಕೆಡುತ್ತಾರೆಂಬ ದೂರು ಎಲ್ಲ ಭಾಷೆಗಳಲ್ಲೂ ಇತ್ತು. ಆಸ್ಟೆನ್ ಅದಕ್ಕೆ ತನ್ನ 'ನಾರ್ಥ್ಯಾಂಗರ್ ಆ್ಯಬಿ'ಯಲ್ಲಿ ಚೆನ್ನಾಗಿ ಉತ್ತರ ಕೊಟ್ಟಿದ್ದಾಳೆ. ಇಲ್ಲಿ ಇಷ್ಟು ಹೇಳಿದರೆ ಸಾಕು. ಹುಡುಗಿಯೊಬ್ಬಳು ತನ್ನ ಮನಸ್ಸಿಗೆ ಬಾರದ ಶ್ರೀಮಂತನಿಗೆ ಮುಖದ ಮೇಲೆ ಬೇಡವೆಂದು ಹೇಳುವ ದೃಶ್ಯ ಈ ಪುಸ್ತಕಗಳಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಬೇಡವೆನ್ನುವ ಅವಕಾಶ ಮನೆಯಲ್ಲಿ ಸಿಗದವರು ಅದನ್ನು ಹಾಳೆಯ ಮೇಲೆ ಹತ್ತು ಸಲ ಓದಿದರೆ ಯಾರ ಗಂಟು ಹೋಗುತ್ತದೆ? ಇವುಗಳ ಸುಖವನ್ನು ಕಸಿಯುವ ವಿಮರ್ಶೆ ಬೇಡ. ಬೇಕಾದದ್ದು ಪಕ್ಕದಲ್ಲಿ ಒಂದು ನಕಾಶೆ. ನಾಯಕಿಯ ಶಾಲು ಎಲ್ಲಿಯದು, ನಾಯಕನ 42 ಸಾವಿರ ಎಲ್ಲಿಯದು ಎಂದು ನೋಡಿಕೊಂಡು ಓದಿದರೆ ಕಥೆಯ ರುಚಿ ಕೆಡುವುದಿಲ್ಲ. ಕಥೆ ದೊಡ್ಡದಾಗುತ್ತದೆ.

ಈ ಜಾತಿಯ ಕಾದಂಬರಿಯೂ ಈಗ ತನ್ನ ಹಿತ್ತಲ ಬಾಗಿಲನ್ನು ಸ್ವಲ್ಪ ತೆರೆದಿದೆ. ಜೂಲಿಯಾ ಕ್ವಿನ್ 2000ದಲ್ಲಿ ಆರಂಭಿಸಿದ ಬ್ರಿಜರ್ಟನ್ ಕಾದಂಬರಿಮಾಲೆಯನ್ನು 2020ರಿಂದ ನೆಟ್‌ಫ್ಲಿಕ್ಸ್ ಧಾರಾವಾಹಿಯಾಗಿಸಿತು. ಅದರ 2022ರ ಭಾಗದಲ್ಲಿ ಲಂಡನ್ನಿನ ನೃತ್ಯಕೂಟಕ್ಕೆ ಬರುವ ಅಕ್ಕತಂಗಿಯರು ಮುಂಬಯಿಯ ಶರ್ಮಾ ಮನೆಯವರು. ಪುಸ್ತಕದಲ್ಲಿ ಅವರು ಶೆಫೀಲ್ಡ್‌ಗಳು. ತಲೆಗೆ ಎಣ್ಣೆ ಹಚ್ಚುವ ದೃಶ್ಯವೂ ಇದೆ, ಕಂಪನಿಯ ಮಾತು ಮಾತ್ರ ಇಲ್ಲವೆಂಬಷ್ಟು ಕಡಿಮೆ. ಹಣೆಗೆ ಕುಂಕುಮ ಇಟ್ಟ ಮಾತ್ರಕ್ಕೆ ಲೆಕ್ಕದ ಪುಸ್ತಕ ತೆರೆದಂತಾಗಲಿಲ್ಲ.

ಕೋಣಗಲ್ಲಿನ ಆ ದಿನಕ್ಕೆ ಸೇರಿದ ಒಂದು ಸಂಗತಿ ಉಳಿದಿದೆ. ಯುದ್ಧ ಮುಗಿದು ಧೋಂಡಿಯಾನ ಸಾಮಾನು ಸರಂಜಾಮು ಹುಡುಕುವಾಗ, ಮೂಟೆಗಳ ನಡುವೆ ಸುಮಾರು 4 ವರ್ಷದ ಒಬ್ಬ ಹುಡುಗ ಸಿಕ್ಕ. ಹೆಸರು ಸಲಾಬತ್ ಖಾನ್. ಧೋಂಡಿಯಾನ ಮಗ, ಸಾಕುಮಗ ಎಂದೂ ಹೇಳುತ್ತಾರೆ. ಅವನನ್ನು ವೆಲ್ಲೆಸ್ಲಿಯ ಡೇರೆಗೆ ತಂದರು. ತಂದೆಯನ್ನು ಕೊಂದ ದಂಡಿನ ನಾಯಕನೇ ಅವನ ಪಾಲನೆಗೆ ಏರ್ಪಾಡು ಮಾಡಿದ, 1805ರಲ್ಲಿ ದೇಶ ಬಿಡುವಾಗ ಅವನ ಖರ್ಚಿಗೆಂದು ಶ್ರೀರಂಗಪಟ್ಟಣದಲ್ಲಿ ಹಣ ಇಟ್ಟು ಹೋದ. ಇದು ಅವನ ಜೀವನಚರಿತ್ರೆಗಳಲ್ಲಿ ಔದಾರ್ಯದ ಉದಾಹರಣೆಯಾಗಿ ಬರುತ್ತದೆ. ಔದಾರ್ಯ ಹೌದೇ ಹೌದು. ಹುಡುಗ ಬೆಳೆದು ಮೈಸೂರು ಅರಸರ ಚಾಕರಿಗೆ ಸೇರಿದ.

1822ರ ಜೂನ್ 18ರಂದು, ವಾಟರ್ಲೂ ದಿನದ ನೆನಪಿಗೆ, ಇಂಗ್ಲೆಂಡಿನ ಹೆಂಗಸರು ಚಂದಾ ಕೂಡಿಸಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ವೆಲಿಂಗ್ಟನ್‌ನ ಗೌರವಕ್ಕೆ ಒಂದು ಕಂಚಿನ ಪ್ರತಿಮೆ ನಿಲ್ಲಿಸಿದರು. ಗ್ರೀಕ್ ವೀರ ಅಕಿಲೀಸ್‌ನದು; ಶತ್ರುವಿನಿಂದ ಗೆದ್ದ ಫಿರಂಗಿಗಳನ್ನು ಕರಗಿಸಿ ಎರಕ ಹೊಯ್ದದ್ದು. ಮೈಮೇಲೆ ಬಟ್ಟೆಯಿಲ್ಲದ ಆ ವೀರನನ್ನು ನೋಡಿ ಊರೆಲ್ಲ ನಕ್ಕಿತು, ವ್ಯಂಗ್ಯಚಿತ್ರಕಾರರಿಗೆ ಹಬ್ಬವಾಯಿತು. ರೀಜೆನ್ಸಿ ಕಾಲದ ಪ್ರೇಮಕಥೆಗಳನ್ನು ಬರೆಯುವವರು ಈ ಪ್ರತಿಮೆಯ ಮುಂದೆ ತಮ್ಮ ಜೋಡಿಗಳನ್ನು ಕುದುರೆ ಸವಾರಿಗೆ ಕಳಿಸುವಂತಿಲ್ಲ, ಆ ಕಾಲ 1820ಕ್ಕೇ ಮುಗಿದಿತ್ತು. ಅದೇ 1822ರಲ್ಲಿ, ಕಾಲರಾ ಬಂದು, ಸಲಾಬತ್ ಖಾನ್ ತೀರಿಕೊಂಡ. ಅವನಿಗೆ ಆಗ ಇಪ್ಪತ್ತೈದರ ಆಸುಪಾಸು.